ಗೋಡೆಯಾಚೆಯ ಗೋಗ್ರಾಸ

ಇನ್ನೊಂದು ಕನ್ನಡದ ಮನೆ ಕಾಣಬೇಕಾದರೆ ಎರಡು ತಾಸು ಡ್ರೈವ್ ಮಾಡಬೇಕಾಗಿದ್ದ ಕಾಲ ಅದು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಪ್ಪ ನ್ಯೂ ಜೆರ್ಸಿಯ ಉತ್ತರದ ಗುಡ್ಡಗಾಡಿನಲ್ಲಿ ಒಂದು ಸಣ್ಣ ಆಸ್ಪತ್ರೆಯ ಡಾಕ್ಟರು. ನಮಗೆ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಆಸ್ಪತ್ರೆಯವರು ಬೇಡ ಎಂದರೆ ಧಾರವಾಡಕ್ಕೆ ತಿರುಗಿ ಹೋಗಬೇಕು ಎಂಬ ಮಾತು ಊಟದ ಹೊತ್ತಿಗೆ ಆಗಾಗ ಬರುತ್ತಿತ್ತು. ತೊಗರಿಬೇಳೆ, ಇಂಗು, ಬೆಲ್ಲ ಬೇಕೆಂದರೆ ಮ್ಯಾನ್‌ಹಟನ್ನಿಗೇ ಹೋಗಬೇಕು. ಅವ್ವ ಬೆಲ್ಲವನ್ನು ಕೊಬ್ಬರಿಯಂತೆ ಹೆರೆದು, ಹಿಡಿದು ಹಿಡಿದು ಬಳಸುತ್ತಿದ್ದಳು. ನನ್ನ ಉಣ್ಣೆಯ ಕೋಟಿಗೆ ಒಗ್ಗರಣೆಯ ವಾಸನೆ ಹತ್ತಿರುತ್ತಿತ್ತು. ಶಾಲೆಯಲ್ಲಿ ಅದನ್ನು ಬೇರೆ ಮಕ್ಕಳ ಕೋಟುಗಳಿಂದ ದೂರ ತೂಗುಹಾಕುತ್ತಿದ್ದೆ.

ನಾವಿದ್ದ ಬಾಡಿಗೆ ಮನೆ ರಸ್ತೆಯ ಕಟ್ಟಕಡೆಯದು. ಹಿತ್ತಲಿನ ತುದಿಗೆ ಸೊಂಟದೆತ್ತರದ ಕಲ್ಲಿನ ಗೋಡೆ. ಗೋಡೆಯಾಚೆ ಕಾಡು. ಆ ಕಾಡು ಒಂದು ಬೇಟೆಯ ಕ್ಲಬ್ಬಿಗೆ ಸೇರಿದ್ದು. ಒಳಗೆ ಬರಬಾರದು, ಬೇಟೆಯಾಡಬಾರದು ಎಂದು ಬರೆದ ಹಳದಿ ತಗಡುಗಳನ್ನು ಮರಮರಕ್ಕೂ ಹೊಡೆದಿದ್ದರು. ಚಳಿಗಾಲದ ಬೇಟೆಯ ದಿನಗಳಲ್ಲಿ ನಗರದಿಂದ ದೊಡ್ಡ ದೊಡ್ಡ ಕಾರುಗಳು ಬರುತ್ತಿದ್ದವು. ಉಳಿದ ಕಾಲವೆಲ್ಲ ಅಲ್ಲಿ ಕಾಣುತ್ತಿದ್ದುದು ಕಾವಲುಗಾರ ಮಿಸ್ಟರ್ ಕೋಲ್ ಮತ್ತು ಅವನ ಕಂದು ನಾಯಿ ಮಾತ್ರ.

"ಶಾಲೂ, ಆ ಗ್ವಾಡಿ ದಾಟಬ್ಯಾಡ ನೋಡು," ಎಂದು ಅಪ್ಪ ಹೇಳಿದ್ದರು. "ಅಲ್ಲಿ ಕಾಲಿಟ್ಟವರಿಗೆ ಗುಂಡು ಹೊಡೀತಾರ."

ನನ್ನನ್ನು ಅಂಜಿಸಲು ಹೇಳಿದ ಮಾತು. ನಾನು ಅದನ್ನು ಅಕ್ಷರಶಃ ನಂಬಿದ್ದೆ. ಹಿತ್ತಲಲ್ಲಿ ಒಬ್ಬಳೇ ಕುಂಟಾಟ ಆಡುವಾಗ ಬಿಲ್ಲೆ ಗೋಡೆಯಾಚೆ ಬಿದ್ದರೆ ಅದು ಹೋದಂತೆಯೇ.

ಗೋಡೆ ದಾಟಿದವಳು ಅವ್ವ, ಅದೂ ಒಂದು ತುತ್ತಿಗಾಗಿ. ಧಾರವಾಡದ ಮನೆಯಲ್ಲಿ ಅಡಿಗೆಯಾದೊಡನೆ ಮೊದಲ ಪಾಲು ತೆಗೆದು ಬಾಗಿಲಿಗೆ ಬಂದ ಆಕಳಿಗೆ ಕೊಟ್ಟು, ಆಮೇಲೆಯೇ ಉಳಿದವರಿಗೆ ಬಡಿಸುವುದು. ಗೋಗ್ರಾಸ ತೆಗೆಯದೆ ಅವ್ವ ಎಂದೂ ಉಂಡವಳಲ್ಲ. ಇಲ್ಲಿ ಆಕಳು ಎಲ್ಲಿಂದ ಬರಬೇಕು? ಮೊದಮೊದಲು ಆ ಪಾಲನ್ನು ಗೋಡೆಯ ಮೇಲಿಟ್ಟು ಬರುತ್ತಿದ್ದಳು. ಒಂದು ಮಧ್ಯಾಹ್ನ ಜಿಂಕೆಯೊಂದು ಬಂದು ಅದನ್ನು ಮೂಸಿತು. ಮನುಷ್ಯರ ವಾಸನೆಗೆ ಬೆದರಿ ಓಡಿಹೋಯಿತು. ಮರುದಿನದಿಂದ ಅವ್ವ ಸೀರೆ ಎತ್ತಿ ಕಟ್ಟಿ, ಗೋಡೆ ಹತ್ತಿ ಇಳಿದು, ಆಚೆಯ ಚಪ್ಪಟೆ ಕಲ್ಲಿನ ಮೇಲೆ ಅನ್ನ, ಅರ್ಧ ಚಪಾತಿ, ಅದರ ಮೇಲೆ ಹೆರೆದ ಬೆಲ್ಲ ಇಟ್ಟು ಬರತೊಡಗಿದಳು.

"ಸುಶೀಲಾ, ಅದು ಮಂದಿ ಜಾಗಾ," ಎಂದರು ಅಪ್ಪ.

"ನಾ ಏನ್ ಅಲ್ಲಿ ಮನಿ ಕಟ್ಟತೀನೇನ್ರೀ? ಒಂದು ತುತ್ತು ಇಟ್ಟು ಬರತೀನಿ."

"ಜಿಂಕಿಗೆ ಗೋಗ್ರಾಸ ಅಂದ್ರ ನಿಮ್ಮಪ್ಪ ನಕ್ಕಾರು."

"ನಗಲಿ. ಆಕಳಾನೂ ಹುಲ್ಲು ತಿಂತದ, ಇದೂ ಹುಲ್ಲು ತಿಂತದ. ದೇವರು ಅಡ್ಜಸ್ಟ್ ಮಾಡ್ಕೋತಾನ."

ಬೇಸಗೆ ಮುಗಿಯುವ ಹೊತ್ತಿಗೆ ನಾಲ್ಕೈದು ಜಿಂಕೆಗಳು ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದವು. ಕಿವಿಯ ತುದಿ ಹರಿದ ಒಂದು ಹೆಣ್ಣು ಜಿಂಕೆ ಎಲ್ಲಕ್ಕಿಂತ ಮುಂದೆ. ತವರಿನ ಆಕಳ ಹೆಸರನ್ನೇ ಅದಕ್ಕಿಟ್ಟು ಅವ್ವ ಕಪಿಲಿ ಎಂದು ಕರೆಯುತ್ತಿದ್ದಳು. ಅದು ಕತ್ತು ಎತ್ತಿ ನೋಡುತ್ತಿತ್ತು, ಓಡುತ್ತಿರಲಿಲ್ಲ. "ನೋಡಿದ್ಯಾ, ಈಗ ಅಂಜೂದ ಇಲ್ಲ," ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು.

ನನ್ನ ಶಾಲೆಯ ಬಸ್ಸು ನಮ್ಮ ಮನೆಯ ಮುಂದೆಯೇ ತಿರುಗುತ್ತಿತ್ತು. ಬೆಳಿಗ್ಗೆ ಮೊದಲು ಹತ್ತುವವಳೂ ಸಂಜೆ ಕೊನೆಗೆ ಇಳಿಯುವವಳೂ ನಾನೇ. ಡ್ರೈವರ್ ಹೆಸರು ಬಡ್. ಅಗಲ ಭುಜ, ಕೆಂಪು ಕತ್ತು, ಕಾಫಿ ಮತ್ತು ತಂಬಾಕಿನ ವಾಸನೆ. ನನ್ನ ಹೆಸರನ್ನು ಸರಿಯಾಗಿ ಹೇಳುತ್ತಿದ್ದ ಒಬ್ಬನೇ ಅಮೆರಿಕನ್ ಅವನು. ಅದಕ್ಕೇ ನನಗೆ ಅವನೆಂದರೆ ಇಷ್ಟವಿತ್ತು. ಅಕ್ಟೋಬರಿನ ಒಂದು ದಿನ ನಾನು ಇಳಿದ ಮೇಲೂ ಅವನು ಬಸ್ಸು ತಿರುಗಿಸಲಿಲ್ಲ. ಕಿಟಕಿಯಿಂದ ನಮ್ಮ ಹಿತ್ತಲಿನಾಚೆ ಇನ್ನೂ ನಿಂತಿದ್ದ ಜಿಂಕೆಗಳನ್ನು ನೋಡುತ್ತ ಕುಳಿತಿದ್ದ. ನಾನು ಬಾಗಿಲು ಸೇರಿ ಹೊರಳಿ ನೋಡಿದಾಗಲೂ ಹಾಗೆಯೇ ಇದ್ದ.

ಅದಾದ ಕೆಲವು ದಿನಗಳಿಗೆ ಅವ್ವ ಜ್ವರದಿಂದ ಎದ್ದಿದ್ದಳು. ಅಡಿಗೆ ತಡವಾಗಿತ್ತು. ಬಸ್ಸಿಳಿದು ಬಂದು ನಾನು ಹಾಲು ಕುಡಿದು ಮುಗಿಸಿದ ಮೇಲೆ ತಟ್ಟೆ ಕೈಗೆ ಕೊಟ್ಟು, "ಇವತ್ತು ನೀನ ಇಟ್ಟು ಬಾ. ಗ್ವಾಡಿ ಮ್ಯಾಲಿಂದನ ಇಡು, ಇಳೀಬ್ಯಾಡ," ಎಂದಳು.

ನಾನು ಗೋಡೆಯ ಮೇಲೆ ಹೊಟ್ಟೆ ಊರಿ ಬಾಗಿ ಕಲ್ಲಿನ ಮೇಲೆ ತುತ್ತು ಇಟ್ಟೆ. ಹಿಂದೆ ಸರಿದು ಗೋಡೆಗೆ ಗದ್ದ ಹಚ್ಚಿ ನಿಂತೆ. ಒದ್ದೆ ಎಲೆಗಳ ಕೊಳೆತ ವಾಸನೆ. ಎಲ್ಲೋ ಕಟ್ಟಿಗೆಯ ಹೊಗೆ. ಕಪಿಲಿ ಬಂತು. ಬೆಲ್ಲವನ್ನು ಮೊದಲು ನೆಕ್ಕಿತು. ಅದರ ಮೂಗಿನ ಮೇಲೆ ಒಂದು ಅನ್ನದ ಅಗಳು ಅಂಟಿದ್ದು ಕಾಣುವಷ್ಟು ಹತ್ತಿರವಿತ್ತು.

ಸದ್ದು ಕೇಳಿದ್ದು ನೆನಪಿಲ್ಲ. ಸದ್ದಾದ ಮೇಲೆ ಕಿವಿ ಗುಂಯ್‌ಗುಟ್ಟಿದ್ದು ನೆನಪಿದೆ. ಕಪಿಲಿ ಮುಂಗಾಲು ಮಡಿಸಿ ಕುಳಿತಿತು, ಕೂರಲು ಮನಸ್ಸಾದಂತೆ. ಆಮೇಲೆ ಒಂದು ಪಕ್ಕಕ್ಕೆ ಹೊರಳಿತು. ಮರಗಳ ನಡುವಿನಿಂದ ಬಂದೂಕು ಹಿಡಿದು ಬಂದವನು ಬಡ್. ಶಾಲೆಯ ಬಸ್ಸಿನಲ್ಲಿ ಹಾಕಿಕೊಂಡಿದ್ದ ಅದೇ ನೀಲಿ ಜಾಕೆಟ್ಟು.

ಅವನು ಮೊದಲು ಜಿಂಕೆಯನ್ನು ನೋಡಿದ, ಆಮೇಲೆ ನನ್ನನ್ನು. ಅವನ ಮುಖ ಬೆಳ್ಳಗಾಯಿತು. ನನ್ನಷ್ಟೇ ಅವನೂ ಅಂಜಿದ್ದ ಎಂದು ಈಗ ಅನಿಸುತ್ತದೆ. ಆಗ ಹಾಗೆ ತಿಳಿಯಲಿಲ್ಲ.

"ಶಾಲಿನಿ," ಎಂದ, ಎಂದಿನಂತೆ ಸರಿಯಾಗಿ. "ನೀನು ನನ್ನನ್ನು ನೋಡಿಲ್ಲ. ಮನೆಗೆ ಹೋಗು. ನಾಳೆ ಬಸ್ಸಿನಲ್ಲಿ ಸಿಗ್ತೀಯಲ್ಲ? ದಿನಾ ಸಿಗ್ತೀಯಲ್ಲ?"

ನಾನು ತಲೆಯಾಡಿಸಿದೆ. ಅವನು ಜಿಂಕೆಯ ಹಿಂಗಾಲು ಹಿಡಿದು ಎಳೆದುಕೊಂಡು ಹೋದ. ಎಲೆಗಳ ಮೇಲೆ ಅದನ್ನು ಎಳೆದೊಯ್ಯುವ ಸದ್ದು ಬಹಳ ಹೊತ್ತು ಕೇಳಿಸಿತು. ಅವ್ವ ಇಕ್ಕಳ ಹಿಡಿದುಕೊಂಡೇ ಓಡಿ ಬಂದಾಗ ಅವನ ಬೆನ್ನು ಮಾತ್ರ ಮರಗಳ ನಡುವೆ ಕಾಣುತ್ತಿತ್ತು.

"ಯಾರವ್ವಾ ಅಂವಾ? ನಿನಗ ಏನರ ಆತೇನು?" ಅವ್ವ ನನ್ನ ಮೈಯೆಲ್ಲ ತಡವಿದಳು. ನನಗೆ ಬಾಯಿ ಬರಲಿಲ್ಲ. ರಾತ್ರಿ ಅಪ್ಪ ಕೇಳಿದಾಗಲೂ ಬರಲಿಲ್ಲ.

ಮರುದಿನದಿಂದ ಆ ಬಸ್ಸು. ಸಂಜೆ ಕೊನೆಯ ಹುಡುಗ ಹಾಲಿನ ಡೈರಿಯ ಹತ್ತಿರ ಇಳಿದ ಮೇಲೆ ನಮ್ಮ ಮನೆಯವರೆಗೆ ಮನೆಗಳಿಲ್ಲ, ಎರಡೂ ಕಡೆ ಕಾಡೇ. ಆ ಹಾದಿಯಲ್ಲಿ ಬಸ್ಸಿನಲ್ಲಿ ನಾವಿಬ್ಬರೇ. ನಾನು ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದೆ. ತಲೆ ಎತ್ತಿದರೆ ಅವನ ಕಣ್ಣು ಕನ್ನಡಿಯಲ್ಲಿರುತ್ತಿತ್ತು. ಒಂದು ಸಂಜೆ ಅವನು ಹಾದಿಯ ನಡುವೆ ಬಸ್ಸು ನಿಲ್ಲಿಸಿ ಹಿಂದಕ್ಕೆ ತಿರುಗಿದ.

"ಕೋಲ್ ನಿಮ್ಮ ಮನೆಗೆ ಬಂದಿದ್ನಾ?"

"ನೋ," ಎಂದೆ.

"ಗುಡ್ ಗರ್ಲ್." ಬಸ್ಸು ಮತ್ತೆ ಹೊರಟಿತು. ಇಳಿಯುವಾಗ ಮೆಟ್ಟಿಲ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದೆ.

ಮಿಸ್ಟರ್ ಕೋಲ್ ಬಂದದ್ದು ಶನಿವಾರ ಬೆಳಿಗ್ಗೆ. ಅಪ್ಪ ಡ್ಯೂಟಿಯಲ್ಲಿದ್ದರು. ಒಣಗಿದ ಮುಖದ ಮುದುಕ, ಕೆಂಪು ಚೌಕಳಿಯ ಕೋಟು. ನಾಯಿಯನ್ನು ಮೆಟ್ಟಿಲ ಕೆಳಗೆ ಕೂರಿಸಿ, ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಒಳಗೆ ಚಪಾತಿಯ ತುಂಡು. ಅದರ ಅಂಚು ರಕ್ತದಿಂದ ಕಂದಾಗಿತ್ತು.

ಅವ್ವನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ನಾನೇ ನಡುವೆ ನಿಂತೆ.

"ಇದು ನಿಮ್ಮದಾ?" ಎಂದು ಅವನು ಕೇಳಿದ. ಅವ್ವ ಹೌದೆಂದಳು.

"ಯಾಕೆ ಇಟ್ಟಿರಿ?"

"ಆಕಳಿಗೆ ಅಂತ ಹೇಳು," ಎಂದಳು ಅವ್ವ. ನಾನು ಹೇಳಿದೆ.

ಅವನು ಹಿತ್ತಲನ್ನೆಲ್ಲ ನೋಡಿ, "ಎಲ್ಲಿದೆ ಆಕಳು?" ಎಂದ.

ನಾನು ವಿವರಿಸಲು ಹೋದೆ. ನನಗೆ ತಿಳಿದ ಯಾವ ಇಂಗ್ಲಿಷಿನಲ್ಲೂ ಅದು ಸರಿಯಾಗಿ ಕೂರಲಿಲ್ಲ. ಅವನು ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದ. ಕಳ್ಳಬೇಟೆಯವರು ಹೀಗೆಯೇ ತಿನಿಸಿಟ್ಟು ಜಿಂಕೆಗೆ ಒಂದೇ ಜಾಗದ ರೂಢಿ ಮಾಡಿಸುತ್ತಾರೆ, ಆಮೇಲೆ ಬಂದು ಹೊಡೆಯುತ್ತಾರೆ ಎಂದ. ತಿನಿಸಿಟ್ಟವರು ಕ್ಲಬ್ಬಿನ ನೆಲದೊಳಗೆ ಬಂದದ್ದಕ್ಕೆ ಹೆಜ್ಜೆ ಗುರುತುಗಳಿವೆ ಎಂದ. ಆಮೇಲೆ, "ಮಾಂಸದಲ್ಲಿ ನಿಮಗೆಷ್ಟು ಪಾಲು ಅಂತ ನಿಮ್ಮಮ್ಮನನ್ನ ಕೇಳು," ಎಂದ.

ನಾನು ಕೇಳಿದೆ. ಮೊಟ್ಟೆ ಹಾಕಿರಬಹುದೆಂದು ಅಂಗಡಿಯ ಬ್ರೆಡ್ಡನ್ನೂ ಮುಟ್ಟದ ಅವ್ವ. ಅವಳು ನನ್ನನ್ನೇ ನೋಡಿದಳು, ನಾನೇ ಆ ಮಾತು ಆಡಿದೆ ಎಂಬಂತೆ. ಬಾಗಿಲ ಚೌಕಟ್ಟಿಗೆ ಕೈ ಹಚ್ಚಿ ನಿಂತಳು.

"ಹೊಡೆದವನ ಹೆಸರು ಹೇಳಿದರೆ ಇಲ್ಲಿಗೆ ಬಿಡ್ತೀನಿ," ಎಂದ ಮಿಸ್ಟರ್ ಕೋಲ್. "ಇಲ್ಲಾಂದ್ರೆ ಬೇಟೆ ಕಾನೂನು ನೋಡೋ ಸರಕಾರದ ವಾರ್ಡನ್‌ಗೆ ಹೇಳಬೇಕಾಗುತ್ತೆ. ನಿಮ್ಮ ಯಜಮಾನರ ಆಸ್ಪತ್ರೆಗೂ ಗೊತ್ತಾಗುತ್ತೆ." ಅವನು ನನ್ನತ್ತ ಬಾಗಿದ. "ಈ ಹುಡುಗಿಗೆ ಗೊತ್ತಿದೆ, ಮುಖ ನೋಡಿದರೇ ತಿಳಿಯುತ್ತೆ."

ಅವ್ವ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: "ಖರೇ ಹೇಳು ಶಾಲೂ. ಯಾರಂವ?"

ಬಸ್ಸು, ಡ್ರೈವರು ಎಂಬ ಪದ ಕಿವಿಗೆ ಬಿದ್ದರೆ ಮಿಸ್ಟರ್ ಕೋಲ್‌ಗೆ ತಿಳಿದುಬಿಡುತ್ತದೆ. ನಾನು ಯೋಚಿಸಿ ಯೋಚಿಸಿ ಹೇಳಿದೆ: "ದಿನಾ ಮುಂಜಾನೆ ನನ್ನ ಸಾಲಿಗೆ ಕರಕೊಂಡು ಹೋಗ್ತಾನಲ್ಲ, ಅಂವಾ."

ಅವ್ವನ ಕೈ ಚೌಕಟ್ಟಿನಿಂದ ನನ್ನ ಹೆಗಲಿಗೆ ಬಂತು. ಬಹಳ ಬಿಗಿಯಾಗಿ ಹಿಡಿದಳು. ಆಮೇಲೆ ತನ್ನ ಇಂಗ್ಲಿಷಿನಲ್ಲೇ ಒಂದೊಂದು ಪದ ಇಟ್ಟು ಹೇಳಿದಳು: "ಫುಡ್ ಐ ಪುಟ್. ಓನ್ಲಿ ಐ. ಮೈ ಮಿಸ್ಟೇಕ್. ಶೀ ಸೀ ನಥಿಂಗ್."

ಮಿಸ್ಟರ್ ಕೋಲ್ ಕರವಸ್ತ್ರ ಮಡಿಸಿದ. "ಸೋಮವಾರ ವಾರ್ಡನ್ ಜೊತೆ ಮಾತಾಡ್ತೀನಿ," ಎಂದು ಹೇಳಿ ಹೋದ.

ಸಂಜೆ ಅಪ್ಪ ಕೋಟನ್ನೂ ಬಿಚ್ಚದೆ ಅಡಿಗೆಮನೆಯಲ್ಲಿ ಅಡ್ಡಾಡಿದರು. "ಹೆಸರು ಹೇಳಿ ಮುಗಿಸೂದು ಬಿಟ್ಟು! ನಾಳೆ ಆಸ್ಪತ್ರಿಯವರು ಕರದು ಕೇಳಿದ್ರ ಏನ್ ಹೇಳಲಿ? ಗಂಟುಮೂಟಿ ಕಟ್ಟೂದನ."

"ಕಟ್ಟೋಣ," ಎಂದಳು ಅವ್ವ. "ಹೆಸರು ಹೇಳಿದ ಮ್ಯಾಲೆ ಆಕಿ ಅದ ಬಸ್ಸಿನ್ಯಾಗ ಹ್ಯಾಂಗ ಹೋಗಬೇಕು? ನೀವು ಐದಕ್ಕ ಎದ್ದು ಹೋಗ್ತೀರಿ. ನನಗ ಕಾರ್ ಬರೂದಿಲ್ಲ. ಅಂವನ ಕಡೆ ಬಂದೂಕು ಅದ."

ಅಪ್ಪ ಕುಳಿತುಕೊಂಡರು. ಮತ್ತೆ ಆ ಮಾತು ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಅವ್ವ ಸೀರೆಯ ಮೇಲೆ ಅಪ್ಪನ ಓವರ್‌ಕೋಟು ಹಾಕಿಕೊಂಡು ನನ್ನ ಜೊತೆ ರಸ್ತೆಗೆ ಬಂದಳು. ಬೀಳ್ಕೊಡಲು ಬಂದಳೆಂದುಕೊಂಡೆ. ಬಸ್ಸಿನ ಬಾಗಿಲು ತೆರೆಯಿತು. ನನ್ನನ್ನು ಮುಂದೆ ಹತ್ತಿಸಿ ತಾನೂ ಹತ್ತಿದಳು. ಬಡ್‌ನ ಹಿಂದಿನ ಸೀಟಿನಲ್ಲಿ ಕುಳಿತು ನನ್ನನ್ನು ಕಿಟಕಿಯ ಕಡೆ ಕೂರಿಸಿಕೊಂಡಳು.

"ಮ್ಯಾಮ್, ದೊಡ್ಡವರು ಬರೋ ಹಾಗಿಲ್ಲ," ಎಂದ ಬಡ್.

ಅವ್ವ ಕನ್ನಡಿಯಲ್ಲಿ ಅವನ ಕಣ್ಣನ್ನೇ ನೋಡುತ್ತ ಕುಳಿತಳು. ಅವನು ಬಾಗಿಲು ಮುಚ್ಚಿ ಬಸ್ಸು ಬಿಟ್ಟ. ಹತ್ತಿದ ಮಕ್ಕಳೆಲ್ಲ ಅವಳ ಕುಂಕುಮವನ್ನು, ಕೋಟಿನ ಕೆಳಗಿನ ಸೀರೆಯನ್ನು ನೋಡಿ ಮೊಣಕೈಯಿಂದ ತಿವಿದುಕೊಂಡರು. ಆ ದಿನ ನನಗೆ ನಾಚಿಕೆಯಾಗಲಿಲ್ಲ.

ಶಾಲೆಯ ಮುಂದೆ ಇಳಿದ ಮೇಲೆಯೇ ನನಗೆ ಹೊಳೆದದ್ದು. ಅವ್ವ ಇಳಿದಿರಲಿಲ್ಲ. ಅವಳಿಗೆ ಮನೆಗೆ ಹೋಗಲು ಬೇರೆ ದಾರಿಯೇ ಇಲ್ಲ. ಖಾಲಿ ಬಸ್ಸು, ಆ ಕಾಡಿನ ಹಾದಿ, ಅವನು, ಅವಳು. ಬಸ್ಸು ಮೂಲೆ ತಿರುಗಿತು. ಅವ್ವನ ತಲೆ ಕಿಟಕಿಯಲ್ಲಿ ನೇರವಾಗಿ ಕಾಣುತ್ತಿತ್ತು.

ಆ ದಿನದ ಪಾಠ ಒಂದೂ ನೆನಪಿಲ್ಲ. ಗೋಡೆಯಾಚೆ ಎಲೆಗಳ ಮೇಲೆ ಎಳೆದ ಸದ್ದು ಮಾತ್ರ ಕಿವಿಯಲ್ಲಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚದೆ ವಾಪಸು ತಂದೆ. ಸಂಜೆ ಬಸ್ಸು ಹತ್ತುವಾಗ ಬಡ್‌ನ ಕೈಗಳನ್ನು ನೋಡಿದೆ, ಜಾಕೆಟ್ಟಿನ ತೋಳುಗಳನ್ನು ನೋಡಿದೆ. ಅಲ್ಲೇನಿರಬಹುದೆಂದು ನೋಡಿದೆನೋ, ಅದನ್ನು ಬರೆಯಲಾರೆ. ಅವನು ನನ್ನ ಕಡೆ ತಿರುಗಲಿಲ್ಲ. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ್ದ. ಡೈರಿ ದಾಟಿತು. ಕಾಡಿನ ಹಾದಿ ದಾಟಿತು. ಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಏನಾತವ್ವಾ?"

"ಏನೂ ಆಗಲಿಲ್ಲ. ಕೈಕಾಲು ತೊಳಕೋ, ಉಣ್ಣು."

ಕ್ರಿಸ್‌ಮಸ್ ರಜೆ ಮುಗಿದು ಶಾಲೆ ಶುರುವಾದಾಗ ಬಸ್ಸಿಗೆ ಬೇರೆ ಡ್ರೈವರ್ ಇದ್ದ. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವಾರ್ಡನ್ ಬರಲಿಲ್ಲ. ಆಸ್ಪತ್ರೆಯಿಂದಲೂ ಮಾತು ಬರಲಿಲ್ಲ. ಆದರೆ ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಟೆಲಿಫೋನು ರಿಂಗಾದಾಗಲೆಲ್ಲ ಅಪ್ಪ ಎತ್ತುವ ಮುಂಚೆ ಒಂದು ಕ್ಷಣ ನಿಲ್ಲುತ್ತಿದ್ದರು.

ಬಹಳ ವರ್ಷಗಳ ಮೇಲೆ, ಅವ್ವ ಹಾಸಿಗೆ ಹಿಡಿದಿದ್ದಾಗ ನಾನು ಮತ್ತೆ ಕೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಹಾದ್ಯಾಗ ಒಮ್ಮೆ ಬಸ್ಸು ನಿಲ್ಲಿಸಿದ. ಹೊಳ್ಳಿ ನೋಡಿದ. ನಾನೂ ನೋಡಿದೆ. ನನ್ನ ಎದಿ ಬಡಕೊಳ್ಳೂದು ಅಂವಗ ಕೇಳಸ್ತದ ಅನಿಸಿತ್ತು. ಆಮ್ಯಾಲೆ ಬಿಟ್ಟ." ಅಷ್ಟೇ. ಎಷ್ಟು ಹೊತ್ತು ನಿಲ್ಲಿಸಿದ್ದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಸೋಮವಾರದ ನಂತರ ಅವ್ವ ಗೋಗ್ರಾಸ ತೆಗೆಯಲಿಲ್ಲ. ಮೊದಲ ತುತ್ತನ್ನು ನನ್ನ ತಟ್ಟೆಗೇ ಬಡಿಸುತ್ತಿದ್ದಳು. ಕೆಲವು ವಾರ ಜಿಂಕೆಗಳು ಹೊತ್ತಿಗೆ ಸರಿಯಾಗಿ ಬಂದು ಬರಿಯ ಕಲ್ಲನ್ನು ನೆಕ್ಕಿ ಹೋದವು. ಅವ್ವ ಹಿತ್ತಲ ಕಡೆಯ ಕಿಟಕಿಗೆ ಹಳೆಯ ಸೀರೆಯ ಪರದೆ ಹಾಕಿಬಿಟ್ಟಳು.

ಆ ಕಾಡು ಈಗಿಲ್ಲ, ಅಲ್ಲೆಲ್ಲ ಮನೆಗಳು. ನಾನಿರುವ ಊರಲ್ಲೂ ಜಿಂಕೆಗಳು ಹಗಲಲ್ಲೇ ಅಂಗಳಕ್ಕೆ ಬರುತ್ತವೆ. ನೆರೆಯವರು ಸೇಬಿನ ಹೋಳು ಇಡುತ್ತಾರೆ, ಮಕ್ಕಳು ಫೋಟೋ ತೆಗೆಯುತ್ತಾರೆ. ಅವ್ವನಂತೆ ಒಂದು ಪ್ರಾಣಿಯನ್ನು ಹೆಸರಿಟ್ಟು ಕರೆದು, ಅದು ಹತ್ತಿರ ಬಂದಾಗ ಹಿಗ್ಗುವುದು ನನ್ನಿಂದ ಆಗುವುದಿಲ್ಲ. ನಾನು ಬಾಗಿಲು ತೆರೆದು ಹೊರಗೆ ಬಂದು ಜೋರಾಗಿ ಚಪ್ಪಾಳೆ ತಟ್ಟುತ್ತೇನೆ. ಅವು ನಾಲ್ಕು ಹೆಜ್ಜೆ ಓಡಿ, ನಿಂತು, ಹೊರಳಿ ನನ್ನನ್ನು ನೋಡುತ್ತವೆ. ಅಷ್ಟು ಅಂಜಿಕೆ ಸಾಲದು. ನಾನು ಮೆಟ್ಟಿಲಿಳಿದು ಮತ್ತೆ ತಟ್ಟುತ್ತೇನೆ.