ಮಹಜರಿಗೆಂದು ಹಾಕಿದ ಒಲೆ

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಪಿಯುಸಿ ಮುಗಿದ ಆ ವರ್ಷವಂತೂ ಯಾರು ಏನು ಕೇಳಿದರೂ ಹರಿಹಾಯುತ್ತಿದ್ದೆ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕೇ ಬಂದಿತ್ತು. 3ಎ ಮೀಸಲಾತಿಯಲ್ಲಿ ಪಶುವೈದ್ಯ ಕಾಲೇಜಿನ ಸೀಟು ಸಿಗುವಷ್ಟು ಒಳ್ಳೆಯದು, ಮೀಸಲಾತಿ ಇಲ್ಲದಿದ್ದರೆ ಸಿಗದಷ್ಟು ಸಾಧಾರಣ. ಅದಕ್ಕೆ ಬೇಕಾದದ್ದು ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಹಳೆಯದರ ಅವಧಿ ಮುಗಿದಿತ್ತು. ವಾರದೊಳಗೆ ಹೊಸದು ತೋರಿಸದಿದ್ದರೆ ನನ್ನನ್ನು ಸಾಮಾನ್ಯ ವರ್ಗಕ್ಕೆ ತಳ್ಳುತ್ತಿದ್ದರು. ಆಮೇಲೆ ಮಾಗಡಿಯಲ್ಲಿ ಯಾವುದೋ ಒಂದು ಡಿಗ್ರಿ, ಅದು ಮುಗಿಯುವ ಮೊದಲೇ ಮನೆಯವರು ಗಂಡು ಹುಡುಕಲು ಶುರು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಜಾತಿಯ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ತಕರಾರು ಬಂದದ್ದು ಆದಾಯದಲ್ಲಿ. ತಂದೆ ತಾಯಿಯ ವರ್ಷದ ಆದಾಯ ಎಂಟು ಲಕ್ಷ ದಾಟಿದರೆ ಕೆನೆಪದರ, ಮೀಸಲಾತಿ ಇಲ್ಲ. ನಮ್ಮ ಮನೆಯ ಹಾಲು ಕೆನೆ ಕಟ್ಟುವ ಮೊದಲೇ ಡೈರಿಗೆ ಹೋಗುತ್ತಿತ್ತು. ಆ ಮಾತು ನಮಗೂ ಅಂಟೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆದದ್ದು ಇಷ್ಟು. ಗುಡೇಮಾರನಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಮನೆ ಇಬ್ಬರಿಗೂ ಬೇರೆ ಬೇರೆ. ಆದರೆ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುವಾಗ ಒಂದೇ ಲಾಟು, ಅದೂ ಅಪ್ಪನ ಹೆಸರಲ್ಲಿ. ಹಿರಿಯನ ಹೆಸರಲ್ಲೇ ಹೋಗಬೇಕು ಎಂಬುದು ತಾತನ ಕಾಲದ ನಡವಳಿಕೆ. ಮೊದಲೆಲ್ಲ ದುಡ್ಡು ನೇರ ಕೈಗೆ ಬಂದು ಅಜ್ಜಿಯ ಪೆಟ್ಟಿಗೆ ಸೇರುತ್ತಿತ್ತು, ಸರ್ಕಾರಕ್ಕೆ ಸುದ್ದಿಯೇ ಇರುತ್ತಿರಲಿಲ್ಲ. ಈಗ ಬ್ಯಾಂಕ್ ಖಾತೆಗೆ ಬೀಳುತ್ತದೆ. ಎರಡು ಸಂಸಾರದ ಬೆಳೆ ಅಪ್ಪನೊಬ್ಬನ ಖಾತೆಯಲ್ಲಿ ಕೂತಿತ್ತು, ಆ ವರ್ಷ ಗೂಡಿಗೆ ಬೆಲೆ ಬೇರೆ ಚೆನ್ನಾಗಿತ್ತು.

ನಮ್ಮೂರಿನ ಗ್ರಾಮ ಲೆಕ್ಕಿಗ ಸಾಹೇಬರು ಕೆಟ್ಟವರಲ್ಲ. ಖಾತೆ ನೋಡಿ ಅಪ್ಪನಿಗೆ, "ಇಷ್ಟೂ ನಿಮ್ದೇ ಅಂತ ಬರೆದ್ರೆ ಹುಡುಗಿಗೆ ಮೀಸಲಾತಿ ಹೋಯ್ತದೆ. ನಿಮ್ದೆಷ್ಟು, ತಮ್ಮಂದೆಷ್ಟು, ಬಿಡಿಸಿ ಹೇಳಿ. ನಾಳಿದ್ದು ಮಧ್ಯಾಹ್ನ ನಾನೇ ಮನೆಗೆ ಬಂದು ನೋಡಿ ಮಹಜರ್ ಬರ್ಕೋತೀನಿ" ಎಂದರು.

ಅವರು ಕೇಳಿದ್ದು ಅಷ್ಟೇ. ಚಿಕ್ಕಪ್ಪ ಎದುರು ನಿಂತು 'ಅರ್ಧ ಗೂಡು ನಂದು' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ನಂದು ನಿಂದು ಎಂದವರು ಯಾರೂ ಇರಲಿಲ್ಲ. ಸರ್ಕಾರಕ್ಕೆ ಬೇಕಾದರೆ ಸುಳ್ಳು ಹೇಳಬಹುದು, ಒಡಹುಟ್ಟಿದವನ ಬಾಯಿಂದ 'ನನ್ನ ಪಾಲು' ಅನ್ನಿಸಬಾರದು. ಅವರ ಕಚೇರಿಯಿಂದ ಅಪ್ಪ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟ. ಊರು ಹತ್ತಿರ ಬಂದಾಗ, "ಅವನ್ನ ಹೆಂಗವ್ವ ಕೇಳ್ಲಿ? ಲೆಕ್ಕ ಕೇಳ್ದಂಗಾಯ್ತದೆ" ಎಂದ.

ಅದರ ಬದಲು ಅವನಿಗೆ ಒಂದು ಉಪಾಯ ಹೊಳೆಯಿತು. ಮನೆಯೇ ಬೇರೆಯಾಗಿದೆ ಎಂದು ತೋರಿಸಿಬಿಡುವುದು. ಒಲೆ ಎರಡಿದ್ದರೆ ಸಂಸಾರ ಎರಡು, ಪಾಲಿನ ಮಾತನ್ನು ಯಾರೂ ಬಾಯಿಬಿಟ್ಟು ಆಡಬೇಕಿಲ್ಲ, ಸಾಹೇಬರೇ ಅರ್ಥ ಮಾಡಿಕೊಳ್ಳುತ್ತಾರೆ. ಎಂಥ ಬುದ್ಧಿ ಎಂದು ಈಗ ಮೈ ಉರಿಯುತ್ತದೆ. ಆಗ ನನಗೂ ಅದೇ ಸರಿ ಅನ್ನಿಸಿತ್ತು.

ಚಿಕ್ಕಪ್ಪ ಕೇಳಿ ನಕ್ಕುಬಿಟ್ಟ. "ಒಂದಿನದ್ ನಾಟ್ಕ ತಾನೆ? ಮಗೀಗೆ ಸೀಟ್ ಸಿಕ್ರೆ ಸಾಕು ಬುಡಣ್ಣ" ಎಂದು ತಾನೇ ಹಿತ್ತಿಲ ರೂಮಿನಲ್ಲಿ ಕಲ್ಲಿಟ್ಟು, ಮಣ್ಣು ಮೆತ್ತಿ ಒಲೆ ಹಾಕಿದ. ಅಮ್ಮ ಅರ್ಧ ಪಾತ್ರೆ ಅಲ್ಲಿಗೆ ಸಾಗಿಸಿದಳು. ಚಿಕ್ಕಪ್ಪನ ಹೆಂಡತಿ, ನನ್ನ ಚಿಕ್ಕಮ್ಮ, ಅವನ್ನು ಒಪ್ಪವಾಗಿ ಜೋಡಿಸಿಟ್ಟಳು. ಅಜ್ಜಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ, ನನ್ನನ್ನೇ ಮುಂದೆ ತಳ್ಳಿದರು. ರಾಗಿ ಕೇರುತ್ತಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡು, "ನಾನು ಸುಳ್ಳಾಡಾಕಿಲ್ಲ" ಎಂದಳು. ಮತ್ತೆ ಮೊರ ಎತ್ತಿಕೊಂಡಳು.

ಮಧ್ಯಾಹ್ನ ಬರುತ್ತೇನೆ ಎಂದಿದ್ದ ಸಾಹೇಬರು ಬೆಳಿಗ್ಗೆಯೇ ಬಂದುಬಿಟ್ಟರು. ಹೊಸ ಒಲೆ ಇನ್ನೂ ಹಚ್ಚಿರಲಿಲ್ಲ. ನಾನು ಹಿತ್ತಿಲಿಗೆ ಓಡಿ ಚಿಕ್ಕಮ್ಮನ ಕೈಗೆ ಬೆಂಕಿಪೊಟ್ಟಣ ತುರುಕಿ, "ಬೇಗ ಹಚ್ಚು, ಬಂದ್ಬುಟ್ರು" ಎಂದು ಹೇಳಿ ಅಷ್ಟೇ ವೇಗವಾಗಿ ವಾಪಸು ಬಂದೆ.

ಸಾಹೇಬರು ನೆರೆಮನೆಯವರಿಬ್ಬರನ್ನು ಕರೆಸಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ತೆರೆದ ಬಾಗಿಲಿನಾಚೆ ಅಡುಗೆಮನೆಯಲ್ಲಿ ಅಜ್ಜಿ ಒಲೆಯ ಮುಂದಿದ್ದಳು. ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ನಮ್ಮಲ್ಲಿ ಮುದ್ದೆ ಸೌದೆ ಒಲೆಯಲ್ಲೇ ಆಗಬೇಕು.

"ಬೇರೆ ಆಗಿದ್ದೀವಿ ಸಾರ್. ತಮ್ಮನ್ ಒಲೆ ಹಿಂದ್ಗಡೆ ಐತೆ" ಎಂದ ಅಪ್ಪ. ಸಾಹೇಬರು ಅವನನ್ನೊಮ್ಮೆ ನೋಡಿ, ಪೆನ್ನು ನಿಲ್ಲಿಸಿ, ಒಳಗೆ ತಿರುಗಿದರು.

"ಏನಜ್ಜಿ, ಮಕ್ಕಳು ಬೇರೆಯಾಗಿ ಎಷ್ಟು ದಿನ ಆಯ್ತು?"

ಅಜ್ಜಿ ಒಲೆಯ ಸೌದೆಯನ್ನು ಮುಂದೆ ತಳ್ಳಿದಳು. ಸಾಹೇಬರು ಇನ್ನೊಮ್ಮೆ ಕೇಳಿದರು. ಅಜ್ಜಿ 'ಇಲ್ಲ' ಎಂದರೆ ನನ್ನ ಸೀಟೂ ಹೋಯಿತು, ಅಪ್ಪನ ಮಾನವೂ ಹೋಯಿತು. ಮೊಮ್ಮಗಳಿಗಾಗಿ ಒಂದು ಸುಳ್ಳು ಹೇಳಿದರೆ ಇವಳ ಗಂಟೇನು ಹೋಗುತ್ತದೆ ಎಂದು ನನಗೆ ಅಜ್ಜಿಯ ಮೇಲೆ ಅಸಾಧ್ಯ ಸಿಟ್ಟು ಬಂತು.

ಆಗ ಚಿಕ್ಕಮ್ಮ ಬಂದಳು. ಕೈಯಲ್ಲಿ ಒಂದು ಹಂಚಿನ ಚೂರು. ಕೂತಿದ್ದ ಗಂಡಸರನ್ನು ದಾಟಿ ಅಡುಗೆಮನೆಗೆ ಹೋಗಿ ಅಜ್ಜಿಯ ಮುಂದೆ ನಿಂತು, "ಅತ್ತೆ, ಒಸಿ ಕೆಂಡ ಕೊಡಿ" ಎಂದಳು.

ನಮ್ಮ ಮನೆತನದಲ್ಲಿ ಬೇರೆ ಹೋಗುವ ಸೊಸೆ ಹಳೆಯ ಒಲೆಯ ಕೆಂಡ ಕೇಳಿ ಒಯ್ದು ತನ್ನ ಒಲೆ ಹೊತ್ತಿಸುತ್ತಾಳೆ. ಅತ್ತೆ ಕೈಯಾರೆ ಕೊಟ್ಟಳೆಂದರೆ ಭಾಗವಾದಂತೆಯೇ, ಮತ್ತೆ ಆ ಒಲೆಗಳನ್ನು ಕೂಡಿಸುವಂತಿಲ್ಲ. ಕಡ್ಡಿ ಗೀರಿ ಹಚ್ಚಿದ್ದರೆ ಅದು ನಾಟಕವಾಗಿಯೇ ಇರುತ್ತಿತ್ತು. ಗಾಬರಿಯಲ್ಲಿ ಚಿಕ್ಕಮ್ಮನಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡೆ. "ಏನೇ ಇದು" ಎಂದು ಚಿಕ್ಕಪ್ಪ ಅರ್ಧ ಎದ್ದ. ಅಜ್ಜಿ ಸೊಸೆಯ ಮುಖವನ್ನೇ ನೋಡಿದಳು. ಚಿಕ್ಕಮ್ಮ ಕಣ್ಣು ತಗ್ಗಿಸಲಿಲ್ಲ. ಅಜ್ಜಿ ಇಕ್ಕಳದಲ್ಲಿ ಕೆಂಡ ತೆಗೆದು ಹಂಚಿನ ಮೇಲಿಟ್ಟಳು. ಆಮೇಲೆ ಸಾಹೇಬರಿಗೆ ಉತ್ತರ ಕೊಟ್ಟಳು.

"ಇವತ್ತಿಂದ ಸಾಮಿ. ನೀವೇ ನೋಡುದ್ರಲ್ಲ."

ಸಾಹೇಬರು ಹುಬ್ಬು ಗಂಟಿಕ್ಕಿದರು. "ಇವತ್ತಿಂದ ಆದ್ರೆ ಹೋದ ವರ್ಷದ ಆದಾಯಕ್ಕೆ ಇದು ಬರೋದಿಲ್ವಲ್ಲ. ನಾನು ಏನಂತ ಬರೀಲಿ?"

ಮನೆಯೂ ಒಡೆಯಿತು, ಸೀಟೂ ಹೋಯಿತು. ಕಡೆಗೆ ಬಾಯಿಬಿಟ್ಟವನು ಚಿಕ್ಕಪ್ಪ. ಹೆಂಡತಿ ಕೆಂಡ ಹಿಡಿದು ಹೋದ ಬಾಗಿಲನ್ನೇ ನೋಡುತ್ತಾ ಹೇಳಿದ. "ಒಲೆ ಒಂದೇ ಇತ್ತು ಸಾ. ಹುಳ ಮಾತ್ರ ಮೊದ್ಲಿಂದ್ಲೂ ಬೇರೆ ಬೇರೆನೇ ಮೇಯಿಸ್ತಿದ್ದುದ್ದು. ಗೂಡಲ್ಲಿ ಅರ್ಧ ನಂದು. ಅಣ್ಣನ್ ಹೆಸ್ರಲ್ಲಿ ಹೋಯ್ತಿತ್ತು, ಅಷ್ಟೆಯ."

ನೆರೆಯವರಿಬ್ಬರೂ ಹೌದೆಂದು ತಲೆಯಾಡಿಸಿದರು. ಸಾಹೇಬರು ಎರಡೂ ಹುಳು ಮನೆ ನೋಡಿಕೊಂಡು ಬಂದು ಅದನ್ನೇ ಬರೆದರು, ಚಿಕ್ಕಪ್ಪ ಸಹಿ ಹಾಕಿದ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅವರು ಅಪ್ಪನಿಗೆ, "ನಾನು ಕೇಳಿದ್ದು ಇಷ್ಟೇ ಅಲ್ವಾ? ಒಲೆ ತೋರ್ಸಿ ಅಂದಿದ್ನಾ?" ಎಂದರು.

ಪ್ರಮಾಣ ಪತ್ರ ಗಡುವಿನೊಳಗೇ ಬಂತು, ಸೀಟೂ ಸಿಕ್ಕಿತು. ಹಿತ್ತಿಲ ಒಲೆ ಮಾತ್ರ ಆರಲಿಲ್ಲ. ಅಪ್ಪ, ಚಿಕ್ಕಪ್ಪ ತೋಟದಲ್ಲಿ ಎಂದಿನಂತೆ ಮಾತಾಡುತ್ತಿದ್ದರು, ಉಣ್ಣುವ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ಬಾಗಿಲು ಹಿಡಿಯುತ್ತಿದ್ದರು. ಅಮ್ಮ ಸಾರಿಗೆ ಒಗ್ಗರಣೆ ಹಾಕುವಾಗ ಕಣ್ಣೊರೆಸಿಕೊಳ್ಳುವುದು ಕಾಣುತ್ತಿತ್ತು. ಇದಕ್ಕೆಲ್ಲ ನನ್ನ ಸೀಟೇ ಕಾರಣ ಎಂದು ನನಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಕಾಲೇಜಿಗೆ ಹೊರಡುವ ಹಿಂದಿನ ದಿನ ಚಿಕ್ಕಮ್ಮನ ಬಳಿ ಹೋಗಿ ಕೂತೆ.

"ಚಿಕ್ಕಮ್ಮ, ನನ್ ಸೀಟ್‌ಗೆ ತಾನೆ ಇದೆಲ್ಲ ಆಗಿದ್ದು? ಸಿಕ್ತಲ್ಲ. ಈಗ ಬಾ ಒಳೀಕೆ. ಅಜ್ಜಿ ಕಾಲು ಬೇಕಾದ್ರೆ ನಾನು ಹಿಡ್ಕೋತೀನಿ."

ಅವಳು ಮುದ್ದೆ ಕಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅದುನ್ನ ನಿನ್ ತಲೆ ಮ್ಯಾಲೆ ಹಾಕ್ಕಬ್ಯಾಡ ಕಣವ್ವ. ನಿನ್ ಸೀಟ್‌ಗೆ ಅಂತ ಒಲೆ ಹಾಕಿದ್ದು ಅವ್ರು. ಕೆಂಡ ಕೇಳಿದ್ದು ನಾನು." ಒಂದು ಮುದ್ದೆ ನನ್ನ ತಟ್ಟೆಗೆ ಹಾಕಿ, ಇನ್ನೊಂದನ್ನು ತನ್ನ ತಟ್ಟೆಗೆ ಇಟ್ಟುಕೊಂಡಳು. "ಎಲ್ಲಾರ್ದೂ ಆಗಿ, ನಿಮ್ಮವ್ವಂದೂ ಆದ್ಮೇಲೆ, ತಳದಲ್ಲಿ ಏನ್ ಉಳೀತದೋ ಅದುನ್ನ ಉಣ್ತಿದ್ದೆ. ಈ ಮನೆಗೆ ಬಂದ್ಮೇಲೆ ಬಿಸಿ ಮುದ್ದೆ ಉಂಡಿದ್ದು ಅವತ್ತೇ ಮೊದ್ಲು."

ನಮ್ಮದು ಕೂಡು ಕುಟುಂಬ, ಎಲ್ಲರೂ ಒಟ್ಟಿಗೇ ಉಣ್ಣುತ್ತೇವೆ ಎಂದು ಗೆಳತಿಯರ ಮುಂದೆ ಹೇಳಿಕೊಂಡು ಬೆಳೆದವಳು ನಾನು. ಆ ಸಾಲಿನಲ್ಲಿ ಚಿಕ್ಕಮ್ಮ ಎಲ್ಲಿ ಕೂರುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.