ಉಪ್ಪು ಮಾತ್ರ ಕೂತ ಮೇಲೆ

ಹೆಚ್ಚಿದ ಸೌತೆಕಾಯಿಗೆ ಉಪ್ಪು ಬಿದ್ದರೆ ಅದು ನೀರು ಬಿಡುತ್ತದೆ. ಈ ಪರಮಸತ್ಯವನ್ನು ಅರಿಯಲು ನನಗೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು ಎಂದರೆ, ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳುತ್ತ ಬಂದ ನನ್ನ ಪಾಂಡಿತ್ಯದ ಬಗ್ಗೆ ನಿಮಗೆ ಸಂಶಯ ಹುಟ್ಟಬಹುದು. ಹುಟ್ಟಲಿ. ನವರಸಗಳನ್ನು ಬೆರಳು ಮಡಿಚಿ ಎಣಿಸಬಲ್ಲ ನಾನು, ಸೌತೆಕಾಯಿಯ ರಸ ಯಾವ ಗಳಿಗೆಯಲ್ಲಿ ತಟ್ಟೆಯ ತಳಕ್ಕಿಳಿಯುತ್ತದೆಂದು ಗಮನಿಸಿದವನಲ್ಲ. ಗಮನಿಸುವ ಪ್ರಸಂಗವೇ ಬಂದಿರಲಿಲ್ಲವೆನ್ನಿ. ನಮ್ಮದು ನ್ಯಾಮತಿ ಕಡೆಯ ಅನ್ನ-ಸಾರಿನ ಮನೆತನ. ಹಸಿಯದು ದನಕ್ಕೆ, ಬೆಂದದ್ದು ಜನಕ್ಕೆ ಎಂಬುದು ನಮ್ಮಲ್ಲಿ ಯಾರೂ ಮುರಿಯದ ಶಾಸನ.

ಪ್ರಸಂಗ ಬಂದದ್ದು ನನ್ನ ಹೆಂಡತಿ ಸುಮಂಗಲೆಯ ಮೊಣಕಾಲಿನ ಮೂಲಕ. ಅವಳು ಚನ್ನಗಿರಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ; ಅದಕ್ಕಿಂತ ಮುಖ್ಯವಾಗಿ, ಅವಳದೇ ಅಭಿಪ್ರಾಯದಲ್ಲಿ, ತಾಲ್ಲೂಕಿನ ಶಿಕ್ಷಕಿಯರ ಥ್ರೋಬಾಲ್ ತಂಡದ ಹಳೆಯ ಹುಲಿ. ನೌಕರರ ಕ್ರೀಡಾಕೂಟದಲ್ಲಿ ಅವಳು ಎಸೆದ ಚೆಂಡು ಹಿಡಿಯಲು ಹೊನ್ನಾಳಿಯವರೂ ಹಿಂದೆಮುಂದೆ ನೋಡುತ್ತಿದ್ದ ಕಾಲವೊಂದಿತ್ತು. ಕಳೆದ ವರ್ಷ ಮೊಣಕಾಲು ಮುಷ್ಕರ ಹೂಡಿತು. ತೂಕ ಇಳಿಸಿ, ಆಟದ ಮಾತು ಆಮೇಲೆ, ಎಂದರು ಡಾಕ್ಟರು. ತಂಡದ ನಾಯಕಿಯಾದ ಎಳೆಯ ಮೇಡಮ್ಮು ಪ್ರೀತಿಯಿಂದಲೇ, "ಈ ಸಲ ನೀವು ಕುರ್ಚಿ ಮೇಲೆ ಕುಂತು ಚಪ್ಪಾಳೆ ಹೊಡೀರಿ ಅಕ್ಕ, ಆಡಾಕೆ ನಾವಿದೀವಿ" ಎಂದಳಂತೆ. ನೋವಿಗೆ ಅಳದ ಸುಮಂಗಲೆ ಆ ಕುರ್ಚಿಯ ಮಾತಿಗೆ ಅತ್ತಳು. ಕಣ್ಣೊರೆಸಿಕೊಂಡವಳೇ, ಬರುವ ಕ್ರೀಡಾಕೂಟದಲ್ಲಿ ಕುರ್ಚಿಯೋ ಕಣವೋ ನೋಡೇಬಿಡುತ್ತೇನೆಂದು ಪಥ್ಯಕ್ಕೆ ನಿಂತಳು.

ಪಥ್ಯದ ವಿಧಿಗಳೆಲ್ಲ ಮೊಬೈಲಿನಿಂದ ಇಳಿದುಬಂದವು. ಬೇಯಿಸಿದ ಎಲೆಕೋಸು, ಬೇಯಿಸಿದ ಬೀನ್ಸು, ಬೇಯಿಸಿದ ಹೂಕೋಸು. ಎಣ್ಣೆಯ ಹೆಸರೆತ್ತುವಂತಿಲ್ಲ, ಉಪ್ಪು ನೆಪಮಾತ್ರ. ಸಹಧರ್ಮದ ಹುಮ್ಮಸ್ಸಿನಲ್ಲಿ ನಾನೂ ಅವಳ ಪಕ್ಕ ತಟ್ಟೆ ಹಾಕಿಕೊಂಡು ಕೂತೆ. ಎಲೆಕೋಸು ಬೇಯುವ ಆ ವಾಸನೆಯನ್ನು ವರ್ಣಿಸುವ ಶಕ್ತಿ ನಮ್ಮ ಅಲಂಕಾರಶಾಸ್ತ್ರಕ್ಕಿಲ್ಲ. ತಿನ್ನುವುದರಲ್ಲಿ ಇಷ್ಟು ಸುಖಪಡುತ್ತಿದ್ದ ಹೆಂಗಸು ಕಣ್ಣುಮುಚ್ಚಿ ತುತ್ತು ನುಂಗುವುದನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೀಗೇ ನಡೆದರೆ ಮೊಣಕಾಲಿಗಿಂತ ಮೊದಲು ಮನಸ್ಸು ಸೋಲುತ್ತದೆ, ಕುರ್ಚಿಯೇ ಗೆಲ್ಲುತ್ತದೆ ಎನ್ನಿಸಿತು.

ಆಗ ನಾನು ಮಾಡಿದ ಮಹಾಕಾರ್ಯವನ್ನು ನಮ್ಮ ಸೀಮೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಬೇಸರದಲ್ಲಿರುವ ಹೆಂಡತಿಗೆ ಬೇರೆ ಊರಿನ ಗಂಡಂದಿರು ಮಲ್ಲಿಗೆ ತರುತ್ತಾರೇನೋ. ನಮ್ಮಲ್ಲಿ ಹುಟ್ಟಿದರೂ, ಪಾಸಾದರೂ, ಫೇಲಾದರೂ ಮಂಡಕ್ಕಿ-ಮೆಣಸಿನಕಾಯಿ. ಸಂಜೆ ಗೆಳೆಯರೊಡನೆ ಹರಟುವ ಅಂಗಡಿಯಿಂದ ಒಂದು ಪೊಟ್ಟಣ ಖಾರಾ ಮಂಡಕ್ಕಿ, ಜೊತೆಗೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು, "ಮೆಣಸಿನಕಾಯೂ ತರಕಾರಿನೇ ಅಲ್ವೇನೆ?" ಎಂದು ಅವಳ ಮುಂದಿಟ್ಟೆ. ಪಥ್ಯದವಳ ಮುಂದೆ ಬಜ್ಜಿ! ಬೈಗುಳಕ್ಕೆ ತಲೆಬಾಗಿ ನಿಂತೆ.

ಅವಳು ಬೈಯಲಿಲ್ಲ. ಬಜ್ಜಿಯನ್ನು ನನ್ನ ಕಡೆಗೆ ಸರಿಸಿ, ನಾಲ್ಕು ಕಾಳು ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಚೆಂಡು ಯಾವ ಮೂಲೆಗೆ ಎಸೆಯಲಿ ಎಂದು ಯೋಚಿಸುವವಳಂತೆ ಪೊಟ್ಟಣವನ್ನೇ ದಿಟ್ಟಿಸಿದಳು. ಆಮೇಲೆ ಹೇಳಿದಳು: "ಅಲ್ರೀ, ಬರೀ ಮಂಡಕ್ಕಿಗೆ ಏನು ರುಚಿ ಐತೆ? ಗಾಳಿ ತಿಂದಂಗೆ. ಒಗ್ಗರಣೆ, ಹುರಿಗಡಲೆ ಪುಡಿ, ಹಸಿ ಈರುಳ್ಳಿ, ನಿಂಬೆಹಣ್ಣು, ಇವೆಲ್ಲ ಬಂದ್ಮೇಲೆ ರುಚಿ. ಗಾಳಿಗೇ ಇಷ್ಟು ಮಾಡೋರು ನಾವು, ಎಲೆಕೋಸು ಏನು ಪಾಪ ಮಾಡೈತೆ?"

ಓದುಗ ಮಿತ್ರರೇ, ಅಡುಗೆಮನೆಯ ಬಾಗಿಲಲ್ಲಿ ನಿಂತು ಬಜ್ಜಿ ತಿನ್ನುತ್ತಿದ್ದ ನಾನು ಆ ಮಾತಿಗೆ ತಿನ್ನುವುದನ್ನೇ ಮರೆತೆ. ಮರುದಿನ ಎಲೆಕೋಸು ಬೇಯಲಿಲ್ಲ. ನೂಲಿನಷ್ಟು ಸಣ್ಣಗೆ ಹೆಚ್ಚಿಸಿಕೊಂಡು ಬಟ್ಟಲಿಗೆ ಬಂತು. ಜೊತೆಗೆ ಸೌತೆಕಾಯಿ, ಕ್ಯಾರೆಟ್ಟು, ಮೊಳಕೆ ಬಂದ ಹೆಸರುಕಾಳು, ಒಂದು ಹಿಡಿ ಎಳೆ ಮೆಂತ್ಯಸೊಪ್ಪು. ಸುಮಂಗಲೆಯ ತವರು ಜಗಳೂರು. ಅಲ್ಲಿ ಹಸಿ ಮೂಲಂಗಿ, ಹಸಿ ಸೊಪ್ಪು ರೊಟ್ಟಿಯ ಪಕ್ಕದಲ್ಲಿ ಕೂರುವ ಮನೆಯ ಮಕ್ಕಳೇ. ನಮ್ಮ ಮನೆಗೆ ಬಂದ ಮೇಲೆ ಅನ್ನದ ರಾಜ್ಯಭಾರದಲ್ಲಿ ಮೂಲೆ ಸೇರಿದ್ದ ಶೇಂಗಾಪುಡಿ, ಗುರೆಳ್ಳುಪುಡಿಗಳ ಡಬ್ಬಿಗಳು ಹೊರಬಂದವು. ಒಂದೇ ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸು ಸಿಡಿದವು. ಆ ಒಗ್ಗರಣೆಯನ್ನು ಹಸಿ ತರಕಾರಿಯ ಮೇಲೆ ಚುಂಯ್ ಎಂದು ಸುರಿದು ತಟ್ಟೆ ಮುಚ್ಚಿದಳು. ತಟ್ಟೆ ತೆಗೆದಾಗ ಎದ್ದ ಪರಿಮಳಕ್ಕೆ ನನ್ನ ಮನೆತನದ ಶಾಸನ ಅಲ್ಲೇ ರದ್ದಾಯಿತು. ಮುಂದಿನ ದಿನಗಳಲ್ಲಿ ಕೆಂಡದ ಮೇಲೆ ಸುಟ್ಟ ಬದನೆ ಮೊಸರಿಗೆ ಬಿತ್ತು, ಬೀಟ್ರೂಟು ನಿಂಬೆಹುಳಿಯೊಡನೆ ಸಂಸಾರ ಹೂಡಿತು. ಪಥ್ಯವೆಂದರೆ ನಾಲಿಗೆಗೆ ಶಿಕ್ಷೆ ಎಂದು ತಿಳಿದಿದ್ದ ನನಗೆ, ನಾಲಿಗೆಯನ್ನು ಪಕ್ಷಕ್ಕೆ ಸೇರಿಸಿಕೊಳ್ಳದೆ ಯಾವ ಪಥ್ಯವೂ ನಿಲ್ಲದು ಎಂಬುದನ್ನು ಅವಳು ಹೀಗೆ ತಿನ್ನಿಸಿಯೇ ಕಲಿಸಿದಳು. ಇಂಥವಳು ನನ್ನ ಹೆಂಡತಿ ಎಂದು ಹೆಮ್ಮೆಯೂ ಆಯಿತು, ಇವಳ ಜೊತೆ ಇಷ್ಟು ವರ್ಷ ಬರೀ ಸಾರು ಕಲಸಿಕೊಂಡು ಉಂಡೆನಲ್ಲ ಎಂದು ಹೊಟ್ಟೆಯೂ ಉರಿಯಿತು.

ಈ ಸಂಭ್ರಮಕ್ಕಿದ್ದದ್ದು ಒಂದೇ ಕಟ್ಟಳೆ: ಎಲ್ಲ ಮೊದಲೇ ಆಗಬಹುದು, ಉಪ್ಪು ಮಾತ್ರ ಕೂತ ಮೇಲೆ. ನಾನೋ, ಅಂಗಡಿಯ ಹರಟೆ ಮುಗಿಸಿ ತಡವಾಗಿ ಬರುವ ಮಹಾನುಭಾವ. ಅವಳು ತಟ್ಟೆ ಮುಚ್ಚಿಟ್ಟು ಕಾಯುವುದು ನಮ್ಮ ಮನೆಯ ವಾಡಿಕೆ. ಒಂದು ಸಂಜೆ ಹಾಗೆ ಬಂದು ನೋಡಿದರೆ, ಇನ್ನೇನು ಬಂದೇಬಿಟ್ಟೆನೆಂದು ಅವಳು ಉಪ್ಪು ಹಾಕಿಟ್ಟಿದ್ದ ನನ್ನ ಪಾಲಿನ ಬಟ್ಟಲಲ್ಲಿ ಸೌತೆಕಾಯಿ ನೀರಿನಲ್ಲಿ ಈಜುತ್ತಿತ್ತು. ಮುಖ ಸೊಟ್ಟಗೆ ಮಾಡಿದೆ. "ಸಾರು ಕಾಯತೈತೆ, ನಾನೂ ಕಾಯ್ತೀನಿ. ಇದು ಕಾಯಲ್ಲ ನೋಡ್ರಿ" ಎಂದಳು, ನಗುತ್ತಲೇ. ಅಂದಿನಿಂದ ಹರಟೆ ಮೊಟಕಾಯಿತು. ಅವಳು ತರಕಾರಿ ಹೆಚ್ಚುವ ಮೊದಲೇ, ಮದುವೆಮನೆಯ ಮೊದಲ ಪಂಕ್ತಿಗೆ ನುಗ್ಗಿದವನಂತೆ, ನಾನು ತಟ್ಟೆಯ ಮುಂದೆ ಹಾಜರು. ಆಮೇಲಾಮೇಲೆ ಹೆಚ್ಚುವ ಕೆಲಸವೂ ನನ್ನ ಪಾಲಿಗೇ ಬಂತು.

ಹೀಗೆ ಕ್ರೀಡಾಕೂಟ ಬಂತು. ತೂಕ ಇಳಿದಿತ್ತು, ಮೊಣಕಾಲು ಏನು ಹೇಳುತ್ತದೋ, ನಾಯಕಿ ಏನು ಹೇಳುತ್ತಾಳೋ ಗೊತ್ತಿರಲಿಲ್ಲ. ತಂಡ ಬೆಳಗ್ಗೆ ದಾವಣಗೆರೆಗೆ ಹೊರಟಿತು. ನನಗೆ ಶಾಲೆಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆ. ಫೋನು ಮಾಡಬೇಡಿ, ಏನಿದ್ದರೂ ಬಂದು ಹೇಳುತ್ತೇನೆ ಎಂದಿದ್ದಳು. ಸಂಜೆ ನಾನೇ ಎಲ್ಲ ಹೆಚ್ಚಿಟ್ಟೆ, ನಾನೇ ಒಗ್ಗರಣೆ ಕೊಟ್ಟೆ. ಸಾಸಿವೆ ಕೊಂಚ ಸೀದುಹೋಯಿತು. ಗೇಟಿನ ಸದ್ದಾದಂತೆ ಕೇಳಿ ಉಪ್ಪು ಮುಷ್ಟಿಯಲ್ಲಿ ಹಿಡಿದು ಕೂತೆ. ಅದು ಪಕ್ಕದ ಮನೆಯ ಗೇಟು. ಉಪ್ಪನ್ನು ಮರಳಿ ಡಬ್ಬಿಗೆ ಹಾಕಲು ಮನಸ್ಸಾಗದೆ ಹಾಗೇ ಕೂತೆ, ಇಷ್ಟು ವರ್ಷ ಅವಳು ಕೂತಿದ್ದ ಜಾಗದಲ್ಲಿ. ಕಾಯುವುದೆಂದರೆ ಇಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕಡೆಗೆ ಅವಳೇ ಬಂದಳು. ನಾನು ಮುಖ ನೋಡಲಿಲ್ಲ, ಮೊಣಕಾಲು ನೋಡಿದೆ. ಟ್ರ್ಯಾಕ್‌ಪ್ಯಾಂಟಿನ ಎರಡೂ ಮೊಣಕಾಲಿಗೆ ಕೆಂಪು ಮಣ್ಣು ಹತ್ತಿತ್ತು. ಕುರ್ಚಿಯಲ್ಲಿ ಕೂತವರಿಗೆ ಹತ್ತುವ ಮಣ್ಣಲ್ಲ ಅದು.

"ಎರಡನೇ ಸೆಟ್ಟಿಗೆ ಇಳಿಸಿದ್ರು. ಸೋತ್ವಿ ರೀ" ಎಂದಳು, ಗೆದ್ದವಳ ದನಿಯಲ್ಲಿ. ಕೈ ತೊಳೆದು ಬಂದು ಎದುರಿಗೆ ಕೂತಳು. "ಹಸಿವಾಗೈತೆ. ಉಪ್ಪು ಹಾಕ್ರಿ."

ಬಟ್ಟಲಲ್ಲಿ ಸೌತೆಕಾಯಿ ಗಟ್ಟಿಯಾಗಿಯೇ ಇತ್ತು. ನೀರು ಬಿಟ್ಟಿದ್ದು ನನ್ನ ಮುಷ್ಟಿಯೊಳಗಿನ ಉಪ್ಪು.