ಏಸಿಯೊಳಗಿನ ಕಟಕಟ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅದಕ್ಕೆ ನನಗೆ ಪುರುಸೊತ್ತೇ ಇರಲಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ, ಎಡಗೈ ಜೋಮು ಹಿಡಿದದ್ದು ಯಾತಕ್ಕೆ, ಟ್ಯಾಂಕಿನ ನೀರು ನಾಳೆಗೆ ಸಾಕೋ ಸಾಲದೋ, ಹೀಗೆ ಕಣ್ಣಿಗೆ ಕಾಣುವ ಚಿಂತೆಗಳಲ್ಲೇ ನನ್ನ ದಿನ ಮುಗಿದುಹೋಗುತ್ತಿತ್ತು. ಕಾಣದವುಗಳಿಗೆ ಜಾಗವೆಲ್ಲಿ? ಆದರೆ ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಚಾಮರಾಜಪೇಟೆಯ ಗ್ಯಾರೇಜಿನಲ್ಲಿ ನಡೆದದ್ದನ್ನು ನಾನೇ ಕಂಡಿದ್ದೇನೆ. ನಡೆದ ಹಾಗೆಯೇ ಬರೆಯುತ್ತೇನೆ, ನಂಬುವುದು ಬಿಡುವುದು ನಿಮ್ಮ ಇಷ್ಟ.

ಮೊದಲು ಕವಡೆಯ ವಿಷಯ ಹೇಳಬೇಕು. ನನ್ನ ಅಮ್ಮನೂ ಎದುರುಮನೆಯ ಜಯಮ್ಮನೂ ವರ್ಷಗಟ್ಟಲೆ, ಊಟವಾದ ಮೇಲೆ ನಮ್ಮ ನಡುಮನೆಯಲ್ಲಿ ಚೌಕಾಬಾರ ಆಡುತ್ತಿದ್ದರು. ನಾಲ್ಕು ಕವಡೆ ಉರುಳಿಸಿ ಕಾಯಿ ನಡೆಸುವ ಆಟ. ಕವಡೆಗಳು ನನ್ನ ಅಜ್ಜಿಯವು. ಬೆನ್ನು ಉಜ್ಜಿ ಕೆಂಪು ಅರಗು ತುಂಬಿದವು. ಅರಗು ಆರುವ ಮೊದಲು ಅಜ್ಜಿ ಪ್ರತಿಯೊಂದರ ಮೇಲೂ ಹೆಬ್ಬೆರಳ ಉಗುರು ಒತ್ತಿ ಗುರುತು ಮಾಡಿದ್ದರು. ಒಂದು ದಿನ ಜಯಮ್ಮ ಎಸೆದಾಗ ಮೂರು ಕವಡೆ ನಿಂತವು, ನಾಲ್ಕನೆಯದು ಉರುಳಿಹೋಯಿತು. ಸೋಫಾ ಎತ್ತಿದೆವು, ಚಾಪೆ ಕೊಡವಿದೆವು, ಸಿಗಲಿಲ್ಲ. ಸೋಲುತ್ತಿದ್ದ ಅಮ್ಮ, "ನಿನ್ನ ನೆರಿಗೇಲೇ ಸೇರ್ಕೊಂಡಿರ್ಬೇಕು, ನೋಡ್ಕೋ" ಎಂದುಬಿಟ್ಟರು. ಜಯಮ್ಮ ಎದ್ದುನಿಂತು, ಸೀರೆ ಪಟಪಟ ಕೊಡವಿ, ಹೊರಟೇಹೋದರು. ಒಂಬತ್ತು ವರ್ಷ ಇಬ್ಬರೂ ಮಾತಾಡಲಿಲ್ಲ. ನಡುವೆ ಇದ್ದದ್ದು ಇಪ್ಪತ್ತಡಿ ರಸ್ತೆ, ಅಷ್ಟೇ.

ಆಮೇಲೆ ಸುದ್ದಿ ಬಂತು. ಎದುರಿನ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಾರಂತೆ, ಜಯಮ್ಮ ಯಲಹಂಕಕ್ಕೆ, ಮಗಳ ಮನೆಗೆ ಹೋಗುತ್ತಾರಂತೆ. ಅಮ್ಮ ಕಿಟಕಿ ಬಿಟ್ಟು ಕದಲಲಿಲ್ಲ.

ಅದೇ ಹೊತ್ತಿಗೆ ನನ್ನ ಕಾರಿನ ಏಸಿ ಸದ್ದು ಮಾಡತೊಡಗಿತು. ಹಾಕಿದ ಕೂಡಲೇ ಕಟಕಟ, ಕಟಕಟ. ನನ್ನಂಥವನಿಗೆ ಇಷ್ಟು ಸಾಕು. ಕಂಪ್ರೆಸರ್ ಹೋಗಿದೆ, ಅದು ಎಂಜಿನನ್ನೂ ಕೆಡಿಸುತ್ತದೆ, ಕಾರು ಫ್ಲೈಓವರ್ ಮೇಲೆ ನಿಂತು ನನ್ನ ಹಿಂದೆ ಅರ್ಧ ಬೆಂಗಳೂರು ಹಾರ್ನ್ ಹೊಡೆಯುತ್ತದೆ ಎಂದು ತೀರ್ಮಾನಿಸಿದೆ. ಸದ್ದು ಯಾವ ದಿನ ಬಂತು, ಎಷ್ಟು ಹೊತ್ತು ಇತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ ದಿನ, ವಾಪಸ್ಸು ಬರುವಾಗ ಅವರು ತಲೆ ವಾರೆ ಮಾಡಿ ಕೇಳಿಸಿಕೊಂಡು, "ಯಾರೋ ಕವಡೆ ಅಲ್ಲಾಡಿಸ್ತಿದಾರೆ ಕಣೋ" ಎಂದರು. ನಾನು ನೇರ ಗ್ಯಾರೇಜಿಗೆ ತಿರುಗಿಸಿದೆ.

ಮೆಕ್ಯಾನಿಕ್ ಮುನಿರಾಜು ನನ್ನ ವಯಸ್ಸಿನವನೇ, ಆದರೆ ರಾತ್ರಿ ನಿದ್ದೆ ಮಾಡುವವನು. ನನ್ನ ನೋಟ್‌ಬುಕ್ ನೋಡಿ, "ಏನ್ ಸಾರ್, ಕಾರಿನ ಜಾತಕ ಬರ್ಸ್ಕೊಂಡ್ ಬಂದಿದೀರಾ?" ಎಂದ.

"ಕಂಪ್ರೆಸರ್ ಹೋಗಿದೆ ಅಲ್ವಾ?"

"ಡಾಕ್ಟ್ರು ನೀವಾ ನಾನಾ? ಅಮ್ಮನ ಪಕ್ಕ ಸುಮ್ನೆ ಕೂತ್ಕೊಳಿ ಸಾರ್."

ಏಸಿ ಬಟನ್ ಆರಿಸಿ ಬರೀ ಫ್ಯಾನ್ ಓಡಿಸಿದ. ಸದ್ದು ಇದ್ದೇ ಇತ್ತು. ಅಂದರೆ ಕಂಪ್ರೆಸರಿನ ತಪ್ಪಲ್ಲ. ಎಂಜಿನ್ ರೇಸ್ ಮಾಡಿದ, ಸದ್ದು ಬದಲಾಗಲಿಲ್ಲ. ಫ್ಯಾನನ್ನು ಒಂದರಿಂದ ನಾಲ್ಕಕ್ಕೆ ತಿರುಗಿಸಿದಾಗ ಮಾತ್ರ ಕಟಕಟ ಓಡತೊಡಗಿತು. "ಬ್ಲೋವರ್ ಒಳಗೆ ಏನೋ ಬಿದ್ದಿದೆ" ಎಂದು ಎಡಗಡೆ ಸೀಟಿನ ಮುಂದಿನ ಪೆಟ್ಟಿಗೆಯನ್ನು ಕಳಚಿದ. ಒಳಗೆ ಕೈ ಹಾಕಿ, ಮೂರು ಸ್ಕ್ರೂ ಬಿಚ್ಚಿ, ದುಂಡನೆ ಫ್ಯಾನನ್ನು ಕೆಳಗಿಳಿಸಿದ. ಅದರೊಳಗಿಂದ ಅವನ ಅಂಗೈಗೆ ಒಂದು ಕವಡೆ ಬಿತ್ತು.

ಬೆನ್ನಿಗೆ ಕೆಂಪು ಅರಗು. ಅರಗಿನ ಮೇಲೆ ಉಗುರಿನ ಗುರುತು.

ಅಮ್ಮ ಅದನ್ನು ತೆಗೆದುಕೊಂಡು, ತಮ್ಮ ಹೆಬ್ಬೆರಳ ಉಗುರನ್ನು ಆ ಗುರುತಿನಲ್ಲಿಟ್ಟು ನೋಡಿದರು. ಸರಿಯಾಗಿ ಕೂತಿತು. ಆಮೇಲೆ, "ಕಾರ್ ತೆಗಿ. ಜಯಾ ಮನೆಗೆ."

"ಇನ್ನೂ ಎಲ್ಲಾ ಬಿಚ್ಚಿದೆಯಲ್ಲಮ್ಮ."

"ಬಿಚ್ಚಿದ್ರೆ ಓಡಲ್ವೇನೋ?"

ಮುನಿರಾಜು ನಗುತ್ತಾ ಫ್ಯಾನನ್ನು ಮಾತ್ರ ಸೇರಿಸಿ, ಕಳಚಿದ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಹಾಕಿದ. ದಾರಿಯುದ್ದಕ್ಕೂ ಏಸಿಯಿಂದ ತಣ್ಣನೆ ಗಾಳಿ, ಒಂದು ಸದ್ದಿಲ್ಲ.

ಜಯಮ್ಮ ಸಾಮಾನು ಕಟ್ಟುತ್ತಿದ್ದರು. ಅಮ್ಮ ಬಾಗಿಲಲ್ಲೇ ನಿಂತು ಅಂಗೈ ಚಾಚಿದರು. "ತಪ್ಪಾಯ್ತು ಕಣೇ ಜಯಾ."

"ಎಲ್ಲಿತ್ತು ಸರೋಜಕ್ಕ?"

"ಇವನ ಕಾರಲ್ಲಿ."

ಜಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓ! ಕಳ್ಳ ನೀನಾ? ಒಂಬತ್ತು ವರ್ಷ ನಾನ್ ಅನ್ನಿಸ್ಕೊಂಡ್ನಲ್ಲೋ!"

ನಿಜಕ್ಕೂ ನಾನೇ ಇರಬಹುದೇ ಎಂದು ಒಂದು ಕ್ಷಣ ಯೋಚಿಸಿದೆ ಕೂಡ. ಅಷ್ಟರಲ್ಲಿ ಅವರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಅಳುತ್ತಲೂ ನಗುತ್ತಲೂ ಇದ್ದರು. ಉಳಿದ ಮೂರು ಕವಡೆ ತರಲು ನನ್ನನ್ನು ಓಡಿಸಿದರು. ರಟ್ಟಿನ ಡಬ್ಬಗಳ ನಡುವೆ ಸೀಮೆಸುಣ್ಣದಲ್ಲಿ ಆಟದ ಮನೆಗಳನ್ನು ಬರೆದರು. ಅಮ್ಮ ಎಸೆದ ಮೊದಲ ಸಲಕ್ಕೇ ನಾಲ್ಕೂ ಅಂಗಾತ ಬಿದ್ದವು.

"ಚೌಕ!"

"ಬಂದ ತಕ್ಷಣ ಮೋಸ ಶುರು ಮಾಡ್ಬಿಟ್ರಲ್ಲಾ!" ಎಂದರು ಜಯಮ್ಮ. ಅಮ್ಮ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ.

ಇಲಿ ತಂದಿಟ್ಟಿರಬಹುದು ಎಂದು ನೀವು ಹೇಳುತ್ತೀರಿ. ನಾನೂ ಹೇಳಿ ನೋಡಿದೆ. ಆದರೆ ಗಾಳಿ ಹೋಗುವ ದಾರಿಗೆ ಜಾಲರಿಯಿದೆ, ಅದರ ಕಣ್ಣಿನಲ್ಲಿ ಹುಣಸೆಬೀಜವೂ ತೂರುವುದಿಲ್ಲ. ಜಾಲರಿ ಎಲ್ಲೂ ಹರಿದಿಲ್ಲ ಎಂದು ಮುನಿರಾಜು ಟಾರ್ಚ್ ಬಿಟ್ಟು ತೋರಿಸಿದ. ಇನ್ನು ಕಾರು? ಅದನ್ನು ನಾನು ದಾವಣಗೆರೆಯವರೊಬ್ಬರಿಂದ ಕೊಂಡು ಆಗ ಒಂದೇ ವರ್ಷವಾಗಿತ್ತು. ಕವಡೆ ಕಳೆದಾಗ ಅದು ನಮ್ಮ ರಸ್ತೆಯನ್ನೇ ಕಂಡಿರಲಿಲ್ಲ. ನೋಟ್‌ಬುಕ್ ತೆರೆದರೆ ಇನ್ನೊಂದು: ಸದ್ದು ಶುರುವಾದ ದಿನವೂ ಜಯಮ್ಮ ಹೊರಡುವ ಸುದ್ದಿ ಬಂದ ದಿನವೂ ಒಂದೇ. ಇದನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದರೂ ಅರ್ಥವಾಗಿಲ್ಲ. ಅಮ್ಮನಿಗೆ ಅರ್ಥವಾಗಬೇಕಾದ ಅಗತ್ಯವೂ ಇಲ್ಲ.

ಜಯಮ್ಮ ಯಲಹಂಕಕ್ಕೆ ಹೋದರು. ಪ್ರತಿ ಶನಿವಾರ ನಾನೇ ಹೋಗಿ ಕರೆತರುತ್ತೇನೆ. ಕಾರು ಈಗಲೂ ಆಗೀಗ ಏನಾದರೊಂದು ಸದ್ದು ಮಾಡುತ್ತದೆ. ಆಗ ನಾನು ಮೊದಲು ಗ್ಯಾರೇಜಿಗೆ ಓಡುವುದಿಲ್ಲ. ಅಮ್ಮನ ಡಬ್ಬಿ ತೆರೆದು ಕವಡೆ ಎಣಿಸುತ್ತೇನೆ.